ಪ್ಲಸ್ ಎಲ್ಲಿ, ಮೈನಸ್ ಎಲ್ಲಿ: ಮಲ್ಟಿ ಪ್ರೋಸೆಸ್ ವೆಲ್ಡಿಂಗ್ ಮಷಿನ್ ಜೋಡಿಸುವ ಬಗೆ

ಬೇಸಿಗೆ ಭತ್ತದ ಕಟಾವು ಶುರುವಾಗಿ ಒಂದು ವಾರವಾಗಿತ್ತು. ಸಿಂಧನೂರಿನ ನಮ್ಮ ಅಂಗಡಿಗೆ ಕಾರಟಗಿ ಕಡೆಯ ಹುಡುಗನೊಬ್ಬ ಹೊಸ ಮಷಿನ್ನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಮಿಗ್, ಗ್ಯಾಸಿಲ್ಲದ ವೈರ್, ರಾಡು, ಟಿಗ್ ಎಲ್ಲವೂ ಒಂದೇ ಡಬ್ಬಿಯಲ್ಲಿರುವ ಮಷಿನ್ನು. ಮಿಗ್ ಅಂದರೆ ಗ್ಯಾಸಿನ ಆಸರೆಯಲ್ಲಿ ಗನ್ನಿನಿಂದ ವೈರ್ ಬಿಟ್ಟು ಹೊಡೆಯುವುದು, ರಾಡು ಅಂದರೆ ಕಡ್ಡಿಯನ್ನು ಹೋಲ್ಡರಿನಲ್ಲಿ ಹಿಡಿದು ಹೊಡೆಯುವುದು, ಟಿಗ್ ಅಂದರೆ ಕರಗದ ಟಂಗ್‌ಸ್ಟನ್ ಮೊನೆಯಿಂದ ಹೊಡೆಯುವುದು. ಇಳಿಸುವ ಮೊದಲೇ ಅಂದ: "ಅಣ್ಣಾ, ಮಷಿನ್ನೇ ಸರಿ ಇಲ್ರಿ. ಬರೇ ಸಿಡಿತೈತಿ, ತಗಡು ಹಿಡಿಯವಲ್ದು."

ತಾನು ಹೊಡೆದ ತುಂಡನ್ನೂ ತಂದಿದ್ದ. 3 ಎಂಎಂ ತಗಡಿನ ಮೇಲೆ ಜೋಳದ ಕಾಳು ಸಾಲಾಗಿ ಇಟ್ಟಂತೆ ಲೋಹ ಮೇಲೆ ಮೇಲೆ ಕೂತಿತ್ತು, ಒಳಗೆ ಇಳಿದೇ ಇರಲಿಲ್ಲ. ಸುತ್ತ ನಾಲ್ಕು ಬೆರಳಗಲ ಕಿಡಿ ಅಂಟಿಕೊಂಡು ತಗಡು ಒರಟಾಗಿತ್ತು. ಪಕ್ಕದ ಬಾಗಿಲು ತೆಗೆದು ನೋಡಿದೆ. ಒಳಗಿದ್ದದ್ದು ಗ್ಯಾಸ್ ಬೇಡದ, ಹೊಟ್ಟೆಯೊಳಗೆ ಪುಡಿ ತುಂಬಿದ ಫ್ಲಕ್ಸ್ ಕೋರ್ ವೈರ್, 71ಟಿ-ಜಿಎಸ್ ಎಂಬ ಬಗೆಯದು. ಮುಂದೆ ನೋಡಿದರೆ ಮಷಿನ್ನಿನ ಮೂತಿಯಿಂದ ಹೊರಟ ಗಿಡ್ಡ ಕೇಬಲ್ ಪ್ಲಸ್‌ನಲ್ಲಿತ್ತು, ತಗಡಿಗೆ ಕಚ್ಚಿಸುವ ಅರ್ತ್ ಕ್ಲಾಂಪಿನ ಕೇಬಲ್ ಮೈನಸ್‌ನಲ್ಲಿತ್ತು. ಡಬ್ಬಿಯಿಂದ ಬಂದಾಗ ಹೇಗಿತ್ತೋ ಹಾಗೇ ಬಿಟ್ಟಿದ್ದ. ಎರಡನ್ನೂ ಕಿತ್ತು ಅದಲು ಬದಲು ಮಾಡಿ ತಿರುಗಿಸಿ ಬಿಗಿದೆ. ಯಾವ ನಾಬನ್ನೂ ಮುಟ್ಟಲಿಲ್ಲ. ಅದೇ ತಗಡಿನ ಇನ್ನೊಂದು ಅಂಚಿಗೆ ಅವನ ಕೈಯಲ್ಲೇ ಹೊಡೆಸಿದೆ. ಲೋಹ ತಗಡಿಗೆ ಇಳಿದು ಕೂತಿತು, ಮೇಲೆ ಕಟ್ಟಿದ ಸ್ಲ್ಯಾಗ್ ಪೊರೆ ಬ್ರಷ್ಷಿನ ಎರಡು ಏಟಿಗೆ ಎದ್ದು ಬಂತು.

"ಇಷ್ಟೇ ಏನ್ರಿ?" ಅಂದ. ಇಷ್ಟೇ. ಆದರೆ ಈ ಇಷ್ಟೇ ಏನು ಎಂಬುದನ್ನು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ಇಂಥ ಮಷಿನ್ ಕೊಂಡವರು ಮೊದಲು ಕೈ ಹಾಕುವುದು ನಾಬಿಗೆ. ಕೈ ಹಾಕಬೇಕಾದದ್ದು ಕೇಬಲ್ಲಿಗೆ. ಕೇಬಲ್ ತಪ್ಪಿದ್ದರೆ ನಾಬನ್ನು ದಿನವಿಡೀ ತಿರುಗಿಸಿದರೂ ಕೆಲಸ ಕೂಡಿಬರುವುದಿಲ್ಲ.

ಹುಡುಗ ಕೆಲಸ ಕಲಿತದ್ದು ಹಳೇ ಆಯಿಲ್ ಕೂಲ್ಡ್ ಮಷಿನ್ನಿನಲ್ಲಿ. ನಮ್ಮ ಕಡೆಯ ಬಹುಪಾಲು ವೆಲ್ಡರುಗಳು ಕಲಿತದ್ದೂ ಅದರಲ್ಲೇ. ಅದು ಬರೀ ಟ್ರಾನ್ಸ್‌ಫಾರ್ಮರ್. ಒಳಗೆ ಬಂದ 50 ಹರ್ಟ್ಸ್ ಎಸಿ ಕರೆಂಟು ವೋಲ್ಟೇಜ್ ಇಳಿಸಿಕೊಂಡು ಎಸಿಯಾಗಿಯೇ ಹೊರಗೆ ಬರುತ್ತದೆ. ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ಕರೆಂಟಿಗೆ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ. ಹೋಲ್ಡರನ್ನು ಯಾವ ಬೋಲ್ಟಿಗೆ ಕಟ್ಟಿದರೂ ಒಂದೇ. ಹೀಗೆ ವರ್ಷಗಟ್ಟಲೆ ಕೆಲಸ ಮಾಡಿದ ಕೈಗೆ 'ಯಾವ ಕೇಬಲ್ ಎಲ್ಲಿಗೆ' ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಹೊಸ ಇನ್ವರ್ಟರ್ ಮಷಿನ್ ಬೇರೆ ಜಾತಿ. ಬಂದ ಎಸಿಯನ್ನು ಮೊದಲು ಡಿಸಿ ಮಾಡುತ್ತದೆ. ಆಮೇಲೆ ಐಜಿಬಿಟಿ ಎಂಬ ಸ್ವಿಚ್ಚುಗಳು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತವೆ. ಅಲ್ಲಿಂದ ಹೊರಬಂದದ್ದು ಮತ್ತೆ ಡಿಸಿಯಾಗುತ್ತದೆ. ಕತ್ತರಿಸುವ ವೇಗ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರಿನ ಗಾತ್ರ ಸಣ್ಣದಾಗುತ್ತದೆ. ಹಳೇ ಮಷಿನ್ ಎತ್ತಲು ಇಬ್ಬರು ಬೇಕಿದ್ದರೆ ಇದು ಬೈಕಿನ ಮೇಲೆ ಕೂತು ಬರುವುದು ಇದರಿಂದಲೇ. ಹೊರಗೆ ಬರುವುದು ಡಿಸಿ, ಒಂದೇ ದಿಕ್ಕಿನ ಕರೆಂಟು. ಆದ್ದರಿಂದ ಪ್ಲಸ್ ಮತ್ತು ಮೈನಸ್ ಇಲ್ಲಿ ನಿಜವಾಗಿಯೂ ಇವೆ.

ಕೇಬಲ್ಲಿಗೆ ಹೋಗುವ ಮೊದಲು ಇನ್ನೊಂದು ಮಾತು. ಮಿಗ್, ರಾಡು, ಟಿಗ್ ಎಂದು ಬರೆದ ಬಟನ್ ಒತ್ತಿದಾಗ ಮಷಿನ್ನಿನ ಸ್ವಭಾವವೇ ಬದಲಾಗುತ್ತದೆ. ರಾಡಿಗೂ ಟಿಗ್‌ಗೂ ಅದು ಕರೆಂಟನ್ನು ಹಿಡಿದಿಡುತ್ತದೆ, ಮಿಗ್‌ಗೆ ಮತ್ತು ಫ್ಲಕ್ಸ್ ಕೋರಿಗೆ ವೋಲ್ಟೇಜನ್ನು ಹಿಡಿದಿಡುತ್ತದೆ. ರಾಡಿನಲ್ಲಿ ಕೆಲಸ ಮಾಡುವವನ ಕೈ ಎಷ್ಟು ಪಳಗಿದ್ದರೂ ರಾಡು ಮತ್ತು ತಗಡಿನ ನಡುವಿನ ಅಂತರ ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಹಾಗಾದಾಗಲೆಲ್ಲ ಕರೆಂಟು ಏರಿಳಿದರೆ ಒಮ್ಮೆ ತೂತು, ಒಮ್ಮೆ ಗಡ್ಡೆ. ಆದ್ದರಿಂದ ಮಷಿನ್ ವೋಲ್ಟೇಜನ್ನು ಏರಿಳಿಯಲು ಬಿಟ್ಟು ಕರೆಂಟನ್ನು ಒಂದೇ ಮಟ್ಟದಲ್ಲಿ ಇಡುತ್ತದೆ.

ಮಿಗ್‌ನಲ್ಲಿ ಲೆಕ್ಕ ತಿರುವುಮುರುವು. ವೈರನ್ನು ಮೋಟರು ಒಂದೇ ವೇಗದಲ್ಲಿ ದೂಡುತ್ತಿರುತ್ತದೆ. ಓವರ್‌ಹೆಡ್ ಟ್ಯಾಂಕನ್ನು ನೆನಪಿಸಿಕೊಳ್ಳಿ. ನೀರಿನ ಎತ್ತರ ಒಂದೇ, ನಲ್ಲಿ ಎಷ್ಟು ಬಿಟ್ಟರೆ ಅಷ್ಟು ನೀರು. ವೋಲ್ಟೇಜ್ ಆ ಎತ್ತರ, ವೈರಿನ ವೇಗ ಆ ನಲ್ಲಿ. ಗನ್ ತಗಡಿಗೆ ತುಸು ಹತ್ತಿರ ಬಂದರೆ ಕರೆಂಟು ತಾನಾಗಿಯೇ ಏರಿ ವೈರಿನ ತುದಿ ಬೇಗ ಕರಗಿ ಅಂತರ ಮತ್ತೆ ಸರಿಹೋಗುತ್ತದೆ. ದೂರ ಹೋದರೆ ಕರೆಂಟು ಇಳಿದು ವೈರು ಮುಂದೆ ಬಂದು ಅಂತರ ತುಂಬುತ್ತದೆ. ಮಿಗ್ ಬೇಗ ಕೈಹಿಡಿಯುವುದು ಇದಕ್ಕೇ. ಮಿಗ್ ಇಟ್ಟಾಗ ಮುಂದಿನ ನಾಬು ವೋಲ್ಟ್ ತೋರಿಸುತ್ತದೆ, ರಾಡಿಗೆ ಬದಲಿಸಿದರೆ ಅದೇ ನಾಬು ಆಂಪಿಯರ್ ತೋರಿಸುತ್ತದೆ. ಮಷಿನ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಈಗ ಮೂತಿಯ ಕಡೆ ಬನ್ನಿ. ತಿರುಗಿಸಿ ಬಿಗಿಯುವ ಎರಡು ಸಾಕೆಟ್, ಒಂದು ಪ್ಲಸ್, ಒಂದು ಮೈನಸ್. ಮಿಗ್ ಗನ್ ಕೂರುವ ದಪ್ಪ ಹಿತ್ತಾಳೆಯ ಕನೆಕ್ಟರ್ ಬೇರೆ. ಇವುಗಳ ಜೊತೆಗೆ ಗೇಣುದ್ದದ ಒಂದು ಗಿಡ್ಡ ಕೇಬಲ್ ನೇತಾಡುತ್ತಿರುತ್ತದೆ. ಕಾರಟಗಿ ಹುಡುಗನ ಕಷ್ಟಕ್ಕೆಲ್ಲ ಮೂಲ ಅದೇ. ಅದರ ಇನ್ನೊಂದು ತುದಿ ಒಳಗಿನಿಂದ ಮಿಗ್ ಗನ್ನಿಗೆ ಸೇರಿದೆ. ಅದನ್ನು ಪ್ಲಸ್‌ಗೆ ಸಿಕ್ಕಿಸಿದರೆ ಗನ್ ಪ್ಲಸ್, ಮೈನಸ್‌ಗೆ ಸಿಕ್ಕಿಸಿದರೆ ಗನ್ ಮೈನಸ್. ಉಳಿದ ಸಾಕೆಟ್ಟಿಗೆ ಅರ್ತ್ ಕ್ಲಾಂಪಿನ ಕೇಬಲ್. ಕೆಲವು ಮಷಿನ್‌ಗಳಲ್ಲಿ ಗಿಡ್ಡ ಕೇಬಲ್ ಬದಲಿಗೆ ವೈರ್ ಇಡುವ ಬಾಗಿಲಿನ ಒಳಗೆ ಎರಡು ಬೋಲ್ಟುಗಳಿರುತ್ತವೆ, ಅಲ್ಲಿ ಬದಲಿಸಬೇಕು.

ಗ್ಯಾಸ್ ಜೊತೆ ಓಡುವ ಗಟ್ಟಿ ವೈರಿಗೆ, ಅಂದರೆ ತಾಮ್ರದ ಲೇಪವಿರುವ 70ಎಸ್-6 ವೈರಿಗೆ, ಗನ್ ಪ್ಲಸ್‌ನಲ್ಲಿರಬೇಕು. ಆಗಲೇ ಹನಿ ಸಣ್ಣದಾಗಿ ಸಮನಾಗಿ ಇಳಿಯುತ್ತದೆ, ವೈರಿಗೂ ತಗಡಿಗೂ ನಡುವೆ ಹೊತ್ತುವ ಆರ್ಕ್ ಅಲುಗಾಡದೆ ನಿಲ್ಲುತ್ತದೆ. ಗ್ಯಾಸಿಲ್ಲದ ಫ್ಲಕ್ಸ್ ಕೋರ್ ವೈರಿಗೆ, 71ಟಿ-ಜಿಎಸ್ ಆಗಲಿ 71ಟಿ-11 ಆಗಲಿ, ಗನ್ ಮೈನಸ್‌ನಲ್ಲಿರಬೇಕು. ಅದರ ಹೊಟ್ಟೆಯೊಳಗಿನ ಪುಡಿಯನ್ನು ಕೂಡಿಸಿರುವುದೇ ಮೈನಸ್‌ಗೆ ಹೊಂದುವಂತೆ. ಇಲ್ಲಿ ಒಂದು ಮೋಸವಿದೆ. 71ಟಿ-1 ಕೂಡ ಫ್ಲಕ್ಸ್ ಕೋರೇ, ಆದರೆ ಅದಕ್ಕೆ ಗ್ಯಾಸೂ ಬೇಕು, ಗನ್ನೂ ಪ್ಲಸ್‌ನಲ್ಲಿರಬೇಕು. 'ಫ್ಲಕ್ಸ್ ಕೋರ್' ಎಂದು ಮೇಲೆ ಬರೆದದ್ದನ್ನಷ್ಟೇ ನೋಡಿ ಕೇಬಲ್ ಹಾಕಬೇಡಿ. ವೈರ್ ಸುತ್ತಿದ ಸ್ಪೂಲಿಗೆ ಅಂಟಿಸಿದ ಚೀಟಿ ಪೂರ್ತಿ ಓದಿ, ಆ ಚೀಟಿಯನ್ನು ವೈರ್ ಮುಗಿಯುವವರೆಗೆ ಕೀಳಬೇಡಿ.

ರಾಡಿನ ಕೆಲಸಕ್ಕೆ ಗಿಡ್ಡ ಕೇಬಲ್ ಎರಡೂ ಸಾಕೆಟ್ಟಿನಿಂದ ಹೊರಗಿರಬೇಕು. ಇದು ಮರೆಯಬಾರದ ಮಾತು. ರಾಡಿಗೆ ಬದಲಿಸಿದ ಕೂಡಲೇ ಸಾಕೆಟ್ಟಿನಲ್ಲಿ ಕರೆಂಟು ಸದಾ ಇರುತ್ತದೆ, ಟ್ರಿಗರಿನ ಹಂಗಿಲ್ಲ. ಗಿಡ್ಡ ಕೇಬಲ್ ಅಲ್ಲೇ ಉಳಿದಿದ್ದರೆ ಸುಮ್ಮನೆ ಬಿದ್ದಿರುವ ಮಿಗ್ ಗನ್ನಿನ ವೈರೂ ಜೀವಂತ. ಅದು ಕೆಲಸದ ತಗಡಿಗೆ ತಾಕಿದರೆ ಅಲ್ಲೇ ಹೊತ್ತಿಕೊಳ್ಳುತ್ತದೆ.

7018 ರಾಡಿಗೆ ಹೋಲ್ಡರ್ ಪ್ಲಸ್. 6010ಕ್ಕೂ ಪ್ಲಸ್. ನಮ್ಮ ಕಡೆ ಗೇಟು, ಕಿಟಕಿ, ಟ್ರಾಲಿಗೆಲ್ಲ ಓಡುವ 6013 ಎರಡೂ ಕಡೆ ಕೆಲಸ ಮಾಡುತ್ತದೆ. ತೆಳು ತಗಡಾದರೆ ಹೋಲ್ಡರನ್ನು ಮೈನಸ್‌ಗೆ ಹಾಕಿ ನೋಡಿ, ತೂತು ಬೀಳುವುದು ಕಡಿಮೆಯಾಗುತ್ತದೆ. ಟಿಗ್‌ಗೆ ಟಾರ್ಚ್, ಅಂದರೆ ಟಂಗ್‌ಸ್ಟನ್ ಕೂರುವ ಹಿಡಿಕೆ, ಮೈನಸ್; ಕ್ಲಾಂಪ್ ಪ್ಲಸ್. ಡಿಸಿ ಟಿಗ್‌ನಲ್ಲಿ ಬಿಸಿಯ ಮೂರನೇ ಎರಡು ಪಾಲು ಪ್ಲಸ್ ಬದಿಗೆ ಬೀಳುತ್ತದೆ. ಟಾರ್ಚನ್ನು ಪ್ಲಸ್‌ಗೆ ಹಾಕಿದರೆ ಆ ಬಿಸಿಯೆಲ್ಲ ಟಂಗ್‌ಸ್ಟನ್ ಮೇಲೆ. ಪೆನ್ಸಿಲಿನಂತೆ ಚೂಪಾಗಿ ಮಸೆದ ತುದಿ ನೋಡನೋಡುತ್ತ ಕರಗಿ ಗುಂಡಗಾಗುತ್ತದೆ.

ಸಾಕೆಟ್ಟಿಗೆ ಹಾಕಿದ ಮೇಲೆ ಬಲಕ್ಕೆ ತಿರುಗಿಸಿ ಬಿಗಿಯಿರಿ. ಅರ್ಧ ತಿರುಗಿಸಿ ಬಿಟ್ಟ ಕನೆಕ್ಟರ್ 150 ಆಂಪಿಯರಿನಲ್ಲಿ ಒಳಗೇ ಸುಡುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಕೊನೆಗೆ ಹೊರಬರುವುದೇ ಇಲ್ಲ. ಕೆಲಸ ಶುರುವಾದ ಐದು ನಿಮಿಷಕ್ಕೆ ಮಷಿನ್ ಆಫ್ ಮಾಡಿ ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಸಡಿಲ ಇದೆ ಎಂದೇ ಅರ್ಥ.

ಅರ್ತ್ ಎಂಬ ಪದ ನಮ್ಮ ಅಂಗಡಿಗಳಲ್ಲಿ ಬಹಳ ಗೊಂದಲ ಮಾಡಿದೆ. ಕ್ಲಾಂಪನ್ನೂ ಅರ್ತ್ ಅನ್ನುತ್ತೇವೆ, ಪ್ಲಗ್ಗಿನ ಮೂರನೇ ಪಿನ್ನನ್ನೂ ಅರ್ತ್ ಅನ್ನುತ್ತೇವೆ. ಕ್ಲಾಂಪ್ ಇರುವುದು ವೆಲ್ಡಿಂಗ್ ಕರೆಂಟು ಮಷಿನ್ನಿಗೆ ವಾಪಸ್ ಬರಲು. ಮೂರನೇ ಪಿನ್ ಇರುವುದು ಮಷಿನ್ನಿನ ಮೈಗೆ ಕರೆಂಟು ಇಳಿದರೆ ಅದನ್ನು ಭೂಮಿಗೆ ಒಯ್ದು ನಿಮ್ಮನ್ನು ಉಳಿಸಲು. ಒಂದು ಇನ್ನೊಂದರ ಕೆಲಸ ಮಾಡಲಾರದು. "ಕ್ಲಾಂಪ್ ಹಾಕೀವಲ್ರಿ, ಅರ್ತ್ ಆತು" ಎಂದು ಮೂರನೇ ತಂತಿಯನ್ನು ಕತ್ತರಿಸಿದವರನ್ನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಎದೆ ಝಲ್ಲೆಂದಿದೆ. ಬೆವರಿನಲ್ಲಿ ನೆನೆದ ಅಂಗಿ, ಒದ್ದೆ ನೆಲ, ಮೈಗೆ ತಾಕಿದ ಮಷಿನ್, ಇವು ಮೂರೂ ನಮ್ಮ ಕಡೆ ಮಾಮೂಲಿ. ಆ ತಂತಿ ಕತ್ತರಿಸಬೇಡಿ.

ಕ್ಲಾಂಪ್ ಎಲ್ಲಿ ಹಿಡಿಸಬೇಕು ಎಂಬುದನ್ನು ನಾನು ಒಂದು ಕಟಾವು ಮಷಿನ್ನಿನಿಂದ ಕಲಿತೆ. ಮುಂದಿನ ಕಟರ್ ಬಾರಿನ ಬ್ರಾಕೆಟ್ ಬಿರುಕು ಬಿಟ್ಟಿತ್ತು, ಹೊಲದ ಬದುವಿನಲ್ಲೇ ನಿಲ್ಲಿಸಿ ಹೊಡೆದೆವು. ಸಿಕ್ಕ ಕಡೆ ಇರಲಿ ಎಂದು ಹಿಂದಿನ ಗಾಲಿಯ ಹತ್ತಿರ ಕ್ಲಾಂಪ್ ಹಾಕಿದ್ದೆ. ಬ್ರಾಕೆಟ್ ಗಟ್ಟಿಯಾಗಿ ನಿಂತಿತು. ನಾಲ್ಕನೇ ದಿನ ಅದೇ ಮಷಿನ್ ಬೇರಿಂಗ್ ಸದ್ದು ಮಾಡುತ್ತ ವಾಪಸ್ ಬಂತು. ಬಿಚ್ಚಿದರೆ ಬೇರಿಂಗಿನ ಗುಂಡುಗಳ ಮೇಲೆ ಸೂಜಿಮೊನೆಯಷ್ಟು ಕಪ್ಪು ಗುಳಿಗಳು. ಕರೆಂಟು ವಾಪಸ್ ಬರುವ ದಾರಿಯಲ್ಲಿ ಬೇರಿಂಗ್ ಸಿಕ್ಕಿ ಗುಂಡು ಗುಂಡಿನ ನಡುವೆ ಸಣ್ಣ ಸಣ್ಣ ಆರ್ಕ್ ಹೊಡೆದಿತ್ತು. ಆ ಬೇರಿಂಗಿನ ದುಡ್ಡು ನಾನೇ ಕೊಟ್ಟೆ. ಅಂದಿನಿಂದ ಕ್ಲಾಂಪ್ ವೆಲ್ಡಿಂಗಿನ ಹೊಲಿಗೆ ಬೀಳುವ ತುಂಡಿಗೇ, ಗೇಣುದ್ದದ ಒಳಗೆ. ಗ್ರೈಂಡರಿನಿಂದ ಬಣ್ಣ, ತುಕ್ಕು ಕೆರೆದು ಬೆಳ್ಳಗೆ ಮಾಡಿದ ಜಾಗಕ್ಕೇ. ಟ್ರ್ಯಾಕ್ಟರ್, ಕಟಾವು ಮಷಿನ್ ಆದರೆ ಬ್ಯಾಟರಿಯ ಎರಡೂ ತುದಿ ಬಿಚ್ಚಿದ ಮೇಲೆಯೇ ಕೈ ಹಾಕುತ್ತೇನೆ.

ಇನ್ನು ಗೋಡೆಯ ಕಡೆಯ ಕರೆಂಟು. ಮನೆಯ 16 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿ 200 ಆಂಪಿಯರ್ ಹೊಡೆಯುತ್ತೇನೆ ಅಂದರೆ ಆಗುವ ಮಾತಲ್ಲ. ಲೆಕ್ಕ ಮಾಡಿ ನೋಡಿ. ರಾಡಿನಲ್ಲಿ 200 ಆಂಪಿಯರ್ ಅಂದರೆ ಆರ್ಕಿನಲ್ಲಿ ಸುಮಾರು 28 ವೋಲ್ಟ್, ಅಂದರೆ 5.6 ಕಿಲೋವ್ಯಾಟ್ ಹೊರಗೆ ಬರುತ್ತದೆ. ಮಷಿನ್ ಒಳಗೆ ಕಳೆಯುವುದು, ಪವರ್ ಫ್ಯಾಕ್ಟರ್ ಎರಡನ್ನೂ ಸೇರಿಸಿದರೆ 230 ವೋಲ್ಟ್ ಸಿಂಗಲ್ ಫೇಸಿನಲ್ಲಿ 40 ಆಂಪಿಯರ್ ಆಸುಪಾಸು ಎಳೆಯುತ್ತದೆ. ಮಿಗ್‌ನಲ್ಲಿ 120 ಆಂಪಿಯರ್ ಹೊಡೆಯಲೇ ಗೋಡೆಯಿಂದ 18-20 ಆಂಪಿಯರ್ ಬೇಕು. ಅದಕ್ಕೆ ಪ್ರತ್ಯೇಕ ಎಂಸಿಬಿ, ಪ್ರತ್ಯೇಕ ಲೈನ್ ಎಳೆಸಿಕೊಳ್ಳುವುದೇ ದಾರಿ.

ಎಕ್ಸ್‌ಟೆನ್ಷನ್ ವೈರಿನ ವಿಷಯದಲ್ಲಿ ಜಿಪುಣತನ ಬೇಡ. 30 ಮೀಟರ್ ಉದ್ದದ 1.5 ಚದರ ಎಂಎಂ ತಾಮ್ರದ ವೈರಿನಲ್ಲಿ 30 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲೇ 21 ವೋಲ್ಟ್ ಕಳೆದುಹೋಗುತ್ತದೆ, ಆ ವೈರೂ ಕಾದು ಕೆಂಡವಾಗುತ್ತದೆ. ಅದೇ 4 ಚದರ ಎಂಎಂ ಆದರೆ ಕಳೆಯುವುದು 8 ವೋಲ್ಟ್. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾಗುವ ಹೊತ್ತಿಗೆ ಹಳ್ಳಿಯ ಲೈನೇ 200ಕ್ಕೆ ಇಳಿದಿರುತ್ತದೆ. ಅದರಲ್ಲಿ 21 ಹೋದರೆ ಮಷಿನ್ನಿಗೆ ಸಿಗುವುದು 179. ಹೆಚ್ಚಿನ ಮಷಿನ್‌ಗಳು ತಾಳಿಕೊಳ್ಳುವುದು 230ಕ್ಕಿಂತ ನೂರಕ್ಕೆ 15ರಷ್ಟು ಕೆಳಗೆ, ಅಂದರೆ 195 ವೋಲ್ಟಿನವರೆಗೆ. ಆರ್ಕ್ ಮಧ್ಯೆ ಮಧ್ಯೆ ಸತ್ತಂತಾದರೆ ಮಷಿನ್ನನ್ನು ದೂರುವ ಮೊದಲು ವೈರನ್ನು ನೋಡಿ. ವೈರನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಸುರುಳಿಯೊಳಗೇ ಬಿಟ್ಟರೆ ಬಿಸಿ ಹೊರಗೆ ಹೋಗದೆ ಇನ್ಸುಲೇಷನ್ ಕರಗುತ್ತದೆ.

ಮಿಗ್‌ನಲ್ಲಿ ವೈರು ಸ್ಪೂಲಿನಿಂದ ಗನ್ನಿನ ತುದಿಯವರೆಗೆ ಸಾಗುವ ದಾರಿ ನಯವಾಗಿರಬೇಕು. ದೂಡುವ ರೋಲರಿನಲ್ಲಿ ಎರಡು ಗೀರುಗಳಿರುತ್ತವೆ, ಒಂದು 0.8 ಎಂಎಂ ವೈರಿಗೆ, ಇನ್ನೊಂದು ಬೇರೆ ಅಳತೆಗೆ. ಗಟ್ಟಿ ವೈರಿಗೆ 'ವಿ' ಆಕಾರದ ಗೀರು, ಅಲ್ಯೂಮಿನಿಯಂ ವೈರಿಗೆ 'ಯು' ಆಕಾರದ್ದು. ಫ್ಲಕ್ಸ್ ಕೋರ್ ವೈರು ಒಳಗೆ ಪುಡಿ ತುಂಬಿದ ಕೊಳವೆ, ಒತ್ತಿದರೆ ಚಪ್ಪಟೆಯಾಗುತ್ತದೆ, ಅದಕ್ಕೆ ಹಲ್ಲುಹಲ್ಲಾದ ರೋಲರ್. ಗನ್ನಿನ ತುದಿಯಲ್ಲಿ ವೈರ್ ಹೊರಬರುವ ಟಿಪ್ಪಿನ ಅಳತೆ ವೈರಿನ ಅಳತೆಯೇ ಆಗಿರಬೇಕು. ವೈರ್ ಹೊಸದಾಗಿ ಎಳೆಯುವಾಗ ಟಿಪ್ ಬಿಚ್ಚಿ, ಗನ್ನಿನ ಕೇಬಲ್ಲನ್ನು ನೇರ ಹಾಸಿ, ವೈರಿನ ಸೊಟ್ಟ ತುದಿಯನ್ನು ಕತ್ತರಿಸಿ ಮೂಲೆ ಉಜ್ಜಿ ಆಮೇಲೆ ಓಡಿಸಿ. ಸ್ಪೂಲನ್ನು ಬೆರಳಿನಿಂದ ಹಿಡಿದಿರಿ. ಒಮ್ಮೆ ಕೈತಪ್ಪಿ ಸುರುಳಿ ಬಿಚ್ಚಿಕೊಂಡರೆ ಅರ್ಧ ತಾಸು ಹೋಯಿತು.

ರೋಲರಿನ ಒತ್ತಡ ನೋಡಲು ಒಂದು ಮರದ ತುಂಡು ಸಾಕು. ಗನ್ನನ್ನು ಎರಡು ಬೆರಳು ದೂರದಲ್ಲಿ ಓರೆಯಾಗಿ ಹಿಡಿದು ಟ್ರಿಗರ್ ಒತ್ತಿ. ವೈರ್ ಮರಕ್ಕೆ ತಾಗಿ ಬಾಗಿ ಸುರುಳಿಯಾಗಿ ಬಂದರೆ ಒತ್ತಡ ಸರಿ. ಅಲ್ಲೇ ನಿಂತು ರೋಲರ್ ಜಾರಿದರೆ ಇನ್ನು ತುಸು ಬಿಗಿಯಿರಿ. ಎಷ್ಟು ಬಿಗಿದರೂ ಜಾರುತ್ತಿದ್ದರೆ ತಪ್ಪು ರೋಲರಿನಲ್ಲಿಲ್ಲ, ಗನ್ನಿನ ಕೇಬಲ್ಲಿನೊಳಗೆ ವೈರ್ ಸಾಗುವ ಕೊಳವೆಯಾದ ಲೈನರಿನಲ್ಲಿ ಧೂಳು ಕಟ್ಟಿದೆ ಅಥವಾ ಟಿಪ್ ಕಟ್ಟಿದೆ. ಸಂಡೂರು, ತೋರಣಗಲ್ಲು ಕಡೆ ಕೆಂಪು ಧೂಳಿನ ನಡುವೆ ಕೆಲಸ ಮಾಡುವ ಗೆಳೆಯರಿಗೆ ಇದು ಚೆನ್ನಾಗಿ ಗೊತ್ತು. ಸ್ಪೂಲ್ ಬದಲಿಸುವಾಗಲೆಲ್ಲ ಅವರು ಲೈನರಿಗೆ ಕಂಪ್ರೆಸರ್ ಗಾಳಿ ಹೊಡೆಯುತ್ತಾರೆ.

ಗ್ಯಾಸಿನ ವಿಷಯ ನಮ್ಮ ಬಿಸಿಲಿನೊಂದಿಗೆ ಬೆಸೆದುಕೊಂಡಿದೆ. ಆರ್ಗಾನ್ ಸಿಲಿಂಡರಿನಲ್ಲಿ ಗ್ಯಾಸು ಒತ್ತಿ ತುಂಬಿರುತ್ತದೆ, ಖಾಲಿಯಾದಂತೆ ಒತ್ತಡದ ಮೀಟರಿನ ಮುಳ್ಳು ಇಳಿಯುತ್ತದೆ. ಅರ್ಧ ಮುಳ್ಳು ಅಂದರೆ ಅರ್ಧ ಗ್ಯಾಸು. ಸಿಓಟು, ಅಂದರೆ ಕಾರ್ಬನ್ ಡೈಆಕ್ಸೈಡ್, ಹಾಗಲ್ಲ. ಅದು ಸಿಲಿಂಡರಿನಲ್ಲಿ ದ್ರವವಾಗಿರುತ್ತದೆ, ದ್ರವ ಉಳಿದಿರುವವರೆಗೆ ಮುಳ್ಳು ಒಂದೇ ಕಡೆ ನಿಂತಿರುತ್ತದೆ. 20 ಡಿಗ್ರಿಯಲ್ಲಿ ಸುಮಾರು 57 ಬಾರ್. 31 ಡಿಗ್ರಿ ದಾಟಿದ ಮೇಲೆ ಎಷ್ಟು ಒತ್ತಿದರೂ ಅದು ದ್ರವವಾಗಿ ಉಳಿಯುವುದೇ ಇಲ್ಲ, ಬಿಸಿ ಏರಿದಂತೆ ಒತ್ತಡವೂ ಏರುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ 31 ಡಿಗ್ರಿ ಬೆಳಗಿನ ಹೊತ್ತಿಗೇ ದಾಟುತ್ತದೆ. ಆದ್ದರಿಂದ ಮುಳ್ಳು ನೋಡಿ 'ಇನ್ನೂ ತುಂಬೈತಿ' ಅನ್ನುವುದು ನಂಬುವ ಮಾತಲ್ಲ. ಸಿಲಿಂಡರಿನ ಕುತ್ತಿಗೆಯ ಹತ್ತಿರ ಖಾಲಿ ತೂಕ ಕೊರೆದಿರುತ್ತದೆ. ತಕ್ಕಡಿ ಮೇಲಿಟ್ಟು ಅದನ್ನು ಕಳೆದರೆ ಉಳಿದದ್ದು ಗ್ಯಾಸು. ಸಿಲಿಂಡರ್ ನೆರಳಿನಲ್ಲಿರಲಿ, ನಿಂತಿರಲಿ, ಸರಪಳಿಯಿಂದ ಕಟ್ಟಿರಲಿ.

ಇಷ್ಟು ಬಿಸಿಲಿನಲ್ಲೂ ಸಿಓಟು ರೆಗ್ಯುಲೇಟರ್ ಮಂಜುಗಟ್ಟುತ್ತದೆ ಅಂದರೆ ಹೊಸಬರು ನಂಬುವುದಿಲ್ಲ. ಒತ್ತಡದಿಂದ ಒಮ್ಮೆಲೇ ಹೊರಬಂದ ಗ್ಯಾಸು ತಣ್ಣಗಾಗುತ್ತದೆ, ಬಿಡದೆ ಹೊಡೆದರೆ ರೆಗ್ಯುಲೇಟರಿನ ಮೇಲೆ ಬಿಳಿ ಹೊದಿಕೆ ಬೀಳುತ್ತದೆ, ಗ್ಯಾಸು ತಡೆತಡೆದು ಬರುತ್ತದೆ. ಅದಕ್ಕೇ ಹೀಟರ್ ಇರುವ ರೆಗ್ಯುಲೇಟರ್ ಬರುತ್ತದೆ. ದೊಡ್ಡ ಮಷಿನ್‌ಗಳ ಬೆನ್ನಿಗೆ ಹೀಟರಿಗೆಂದೇ 36 ವೋಲ್ಟಿನ ಸಾಕೆಟ್ ಇರುತ್ತದೆ. ಹೀಟರಿನ ಮೇಲೆ ಬರೆದ ವೋಲ್ಟೇಜ್ ಓದದೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಕ್ಷಣದಲ್ಲಿ ಸುಡುತ್ತದೆ.

ಫ್ಲೋ ನಿಮಿಷಕ್ಕೆ 10ರಿಂದ 15 ಲೀಟರ್. ಹೆಚ್ಚು ಬಿಟ್ಟರೆ ಹೆಚ್ಚು ರಕ್ಷಣೆ ಎಂಬುದು ತಪ್ಪು, ವೇಗವಾಗಿ ನುಗ್ಗುವ ಗ್ಯಾಸು ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಒಳಗೆ ತರುತ್ತದೆ. ಹೊಲಿಗೆಯಲ್ಲಿ ಜೇನುಗೂಡಿನಂತೆ ತೂತುಗಳು ಬಂದರೆ ಒಂದೋ ಗ್ಯಾಸು ಬರುತ್ತಿಲ್ಲ, ಒಂದೋ ಗಾಳಿ ಹೊತ್ತೊಯ್ಯುತ್ತಿದೆ. ಗಾಳಿಯಂತ್ರಗಳು ನಿಂತಿರುವ ಯಲಬುರ್ಗಾ, ಕುಕನೂರಿನ ಬಯಲಿನಲ್ಲಿ ಆಷಾಢದ ಗಾಳಿಗೆ ಮಿಗ್ ಹಿಡಿದು ನಿಂತರೆ ಗ್ಯಾಸು ನಿಲ್ಲುವುದುಂಟೇ? ಅಂಥ ಕಡೆ ಗ್ಯಾಸಿಲ್ಲದ ಫ್ಲಕ್ಸ್ ಕೋರ್ ಅಥವಾ ರಾಡೇ ಸರಿ. ಒಂದೇ ಮಷಿನ್ನಿನಲ್ಲಿ ನಾಲ್ಕು ಬಗೆ ಇರುವ ನಿಜವಾದ ಲಾಭ ನನಗೆ ಕಂಡದ್ದು ಅಲ್ಲಿ. ಅಂಗಡಿಯೊಳಗೆ ಗ್ಯಾಸು, ಹೊಲಕ್ಕೆ ಹೋದರೆ ಗಿಡ್ಡ ಕೇಬಲ್ ಬದಲಿಸಿ ಗ್ಯಾಸಿಲ್ಲದ ವೈರು.

ಇಷ್ಟಾದ ಮೇಲೆ ನಾಬು. ಮಿಗ್‌ನಲ್ಲಿ ಆಂಪಿಯರನ್ನು ತೀರ್ಮಾನಿಸುವುದು ವೈರಿನ ವೇಗ. ಟ್ರಾಲಿಯ ಪಕ್ಕದ 3 ಎಂಎಂ ತಗಡು ಇದೆ ಅಂದುಕೊಳ್ಳಿ. ತೆಳು ತಗಡುಗಳಿಗೆ ದಪ್ಪದ ಒಂದೊಂದು ಎಂಎಂಗೆ 40 ಆಂಪಿಯರ್ ಎಂದು ಹಿಡಿದರೆ 120 ಆಂಪಿಯರ್. 0.8 ಎಂಎಂ ವೈರಿನಲ್ಲಿ ಅಷ್ಟು ಆಂಪಿಯರ್ ಬರಬೇಕೆಂದರೆ ನಿಮಿಷಕ್ಕೆ ಸುಮಾರು 6 ಮೀಟರ್ ವೈರ್ ಓಡಬೇಕು. ವೋಲ್ಟೇಜಿಗೂ ಒಂದು ಸೂತ್ರವಿದೆ. ಆಂಪಿಯರಿನ 20ರಲ್ಲಿ ಒಂದು ಪಾಲಿಗೆ 14 ಕೂಡಿಸಿ. 120ಕ್ಕೆ 6, ಅದಕ್ಕೆ 14, ಒಟ್ಟು 20 ವೋಲ್ಟ್. ಬರೀ ಸಿಓಟು ಆದರೆ ಆರ್ಗಾನ್ ಮಿಶ್ರಣಕ್ಕಿಂತ ಒಂದೆರಡು ವೋಲ್ಟ್ ಹೆಚ್ಚು ಕೇಳುತ್ತದೆ. ಇದು ಶುರುಮಾಡುವ ಜಾಗವಷ್ಟೇ, ಅಲ್ಲಿಂದ ಮುಂದೆ ಕಿವಿ ಹೇಳಿದಂತೆ.

ವೈರು ತಗಡನ್ನು ಕುಕ್ಕಿ ಕೈಗೆ ಒದ್ದಂತಾದರೆ ವೋಲ್ಟೇಜ್ ಸಾಲದು ಅಥವಾ ವೈರ್ ಜೋರಾಗಿದೆ. ತುದಿಯಲ್ಲಿ ದೊಡ್ಡ ಹನಿ ನೇತಾಡಿ ಟಿಪ್ಪಿನ ಕಡೆಗೆ ಸುಟ್ಟುಕೊಂಡು ಬಂದರೆ ವೋಲ್ಟೇಜ್ ಜಾಸ್ತಿ. ವೋಲ್ಟೇಜೂ ವೈರಿನ ವೇಗವೂ ಹೊಂದಿಬಂದಾಗ ಕಾದ ಎಣ್ಣೆಗೆ ಮಿರ್ಚಿ ಬಿಟ್ಟಾಗಿನ ಸದ್ದು, ಒಂದೇ ಸಮನೆ, ತುಂಡಾಗದೆ. ಒಮ್ಮೆಗೆ ಒಂದೇ ನಾಬು ತಿರುಗಿಸಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುವುದಿಲ್ಲ. ಟಿಪ್ಪಿನಿಂದ ವೈರು ಹೊರಗೆ 10-12 ಎಂಎಂ ಇರಲಿ, ಗ್ಯಾಸಿಲ್ಲದ ವೈರಾದರೆ 15-20.

ಸಿನರ್ಜಿಕ್ ಎಂದು ಬರೆದ ಮಷಿನ್‌ಗಳಲ್ಲಿ ವೈರಿನ ಅಳತೆ, ಗ್ಯಾಸು, ತಗಡಿನ ದಪ್ಪ ಹೇಳಿದರೆ ವೋಲ್ಟೇಜ್, ವೈರಿನ ವೇಗ ಎರಡನ್ನೂ ಅದೇ ಜೋಡಿಸುತ್ತದೆ. ಒಳ್ಳೆಯದೇ. ಆದರೆ ನೀವು ಹೇಳಿದ ಗ್ಯಾಸು ಒಂದು, ಕಟ್ಟಿದ ಸಿಲಿಂಡರ್ ಇನ್ನೊಂದು ಆದರೆ ಅದಕ್ಕೆ ತಿಳಿಯುವುದಿಲ್ಲ. ಕಲಿಯುವವರಿಗೆ ನಾನು ಮೊದಲ ತಿಂಗಳು ಸಿನರ್ಜಿಕ್ ಆಫ್ ಮಾಡಿಸುತ್ತೇನೆ.

ಇಂಡಕ್ಟನ್ಸ್ ಎಂಬ ನಾಬನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ವೈರು ತಗಡಿಗೆ ತಾಗಿ ತುಂಡಾಗುವ ಪ್ರತಿ ಸಲವೂ ಕರೆಂಟು ಏರುತ್ತದೆ. ಅದು ಎಷ್ಟು ಜಿಗಿದು ಏರಬೇಕು ಎಂಬುದನ್ನು ಈ ನಾಬು ಹೇಳುತ್ತದೆ. ಹೆಚ್ಚಿಸಿದರೆ ಏರಿಕೆ ನಿಧಾನ, ಕಿಡಿ ಕಡಿಮೆ, ಲೋಹ ತೆಳ್ಳಗೆ ಹರಡಿ ಕೂರುತ್ತದೆ. ಇಳಿಸಿದರೆ ಆರ್ಕ್ ಚುರುಕು, ಕಿಡಿ ಹೆಚ್ಚು. ನಡುವಿನಲ್ಲಿಟ್ಟು ಶುರುಮಾಡಿ.

2ಟಿ ಅಂದರೆ ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು ಆರ್ಕ್. 4ಟಿ ಅಂದರೆ ಒಮ್ಮೆ ಒತ್ತಿ ಬಿಟ್ಟರೆ ಶುರು, ಮತ್ತೊಮ್ಮೆ ಒತ್ತಿ ಬಿಟ್ಟರೆ ಬಂದ್. ಗಂಗಾವತಿಯ ಅಕ್ಕಿ ಗಿರಣಿಗಳ ಹಾಪರಿನಂಥ ಉದ್ದ ಹೊಲಿಗೆಗೆ 4ಟಿ ಇಟ್ಟರೆ ಬೆರಳು ನೋಯುವುದಿಲ್ಲ.

ರಾಡಿನಲ್ಲಿ ಆಂಪಿಯರ್ ಒಂದೇ ಮುಖ್ಯ. 2.5 ಎಂಎಂ ರಾಡಿಗೆ, ಅಂದರೆ ನಾವು 12 ಗೇಜ್ ಅನ್ನುವುದಕ್ಕೆ, 60ರಿಂದ 90. 10 ಗೇಜಿನ 3.15 ಎಂಎಂ ರಾಡಿಗೆ 90ರಿಂದ 130. ಹಾಟ್ ಸ್ಟಾರ್ಟ್ ರಾಡು ತಾಗಿದ ಮೊದಲ ಕ್ಷಣಕ್ಕೆ ತುಸು ಹೆಚ್ಚು ಕರೆಂಟು ಕೊಟ್ಟು ಹೊತ್ತಿಸುತ್ತದೆ. ಆರ್ಕ್ ಫೋರ್ಸ್ ರಾಡು ತೀರ ಹತ್ತಿರ ಹೋಗಿ ಅಂಟಿಕೊಳ್ಳುವ ಹೊತ್ತಿಗೆ ಕರೆಂಟು ಏರಿಸಿ ಬಿಡಿಸುತ್ತದೆ. ವಿಆರ್‌ಡಿ ಎಂಬ ಬಟನ್ ಇದ್ದರೆ ದಯವಿಟ್ಟು ಆನ್ ಇಡಿ. ಹೊಡೆಯದೆ ಸುಮ್ಮನಿದ್ದಾಗ ಹೋಲ್ಡರಿನಲ್ಲಿ 60-80 ವೋಲ್ಟ್ ಇರುತ್ತದೆ. ವಿಆರ್‌ಡಿ ಅದನ್ನು ಹೆಚ್ಚು ಅಪಾಯವಿಲ್ಲದ ಮಟ್ಟಕ್ಕೆ ಇಳಿಸುತ್ತದೆ. ಒದ್ದೆ ಕೈಯಲ್ಲಿ ರಾಡು ಬದಲಿಸುವಾಗ ಅದರ ಬೆಲೆ ತಿಳಿಯುತ್ತದೆ.

ಟಿಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಬೇರೆಯೇ ಲೇಖನ ಬೇಕು. ಗ್ಯಾಸು ಶುದ್ಧ ಆರ್ಗಾನ್, ನಿಮಿಷಕ್ಕೆ 6ರಿಂದ 10 ಲೀಟರ್. ಸಿಓಟು ಸೇರಿದ ಸಿಲಿಂಡರ್ ಕಟ್ಟಿದರೆ ಟಂಗ್‌ಸ್ಟನ್ ಉರಿದುಹೋಗುತ್ತದೆ. ಇಂಥ ಮಷಿನ್‌ಗಳಲ್ಲಿ ಹೆಚ್ಚಾಗಿ ಬರುವುದು ಲಿಫ್ಟ್ ಟಿಗ್, ಅಂದರೆ ಟಂಗ್‌ಸ್ಟನ್ ತುದಿಯನ್ನು ತಗಡಿಗೆ ತಾಗಿಸಿ ಎತ್ತಿದಾಗ ಆರ್ಕ್ ಹೊತ್ತುವ ಬಗೆ. ಟಾರ್ಚಿನ ಕುತ್ತಿಗೆಯಲ್ಲೇ ಗ್ಯಾಸಿನ ನಲ್ಲಿ ಇದ್ದರೆ ಪೈಪನ್ನು ರೆಗ್ಯುಲೇಟರಿನಿಂದ ನೇರ ಟಾರ್ಚಿಗೆ ಎಳೆಯಬೇಕು, ಮಷಿನ್ನಿನ ಹಿಂದಿನ ಗ್ಯಾಸ್ ತೂತಿಗಲ್ಲ. ಡಿಸಿ ಮಾತ್ರ ಇರುವ ಮಷಿನ್ನಿನಲ್ಲಿ ಅಲ್ಯೂಮಿನಿಯಂ ಟಿಗ್ ಆಗುತ್ತದೆ ಎಂದು ಯಾರಾದರೂ ಮಾರಿದರೆ ನಂಬಬೇಡಿ, ಅದಕ್ಕೆ ಎಸಿ ಟಿಗ್ ಬೇಕು.

ಕೊನೆಗೆ, ಬೆನ್ನಿನ ಮೇಲಿರುವ ಪ್ಲೇಟು. '200 ಆಂಪಿಯರ್, 60%' ಎಂದು ಕೊರೆದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ 200ರಲ್ಲಿ ಹೊಡೆದು ನಾಲ್ಕು ನಿಮಿಷ ಬಿಡಬೇಕು ಎಂದು ಅರ್ಥ. ಬಿಡದೆ ಹೊಡೆಯಬೇಕೆಂದರೆ ಅದೇ ಮಷಿನ್ನಿನಲ್ಲಿ ಸುಮಾರು 155 ಆಂಪಿಯರ್. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಈ ಲೆಕ್ಕ 40 ಡಿಗ್ರಿ ಗಾಳಿಯಲ್ಲಿ ಅಳೆದದ್ದು. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ತಗಡಿನ ಶೆಡ್ಡಿನ ಕೆಳಗೆ 40 ಎಲ್ಲಿ ಉಳಿದಿರುತ್ತದೆ? ಆಗ ಆರು ನಿಮಿಷ ಅಂದದ್ದು ನಾಲ್ಕಕ್ಕೇ ಮುಗಿಯಬಹುದು. ಕಾರಟಗಿ ಹುಡುಗನಿಗೆ ಹೊರಡುವಾಗ ಹೇಳಿದ್ದು ಇದನ್ನೇ. ದಪ್ಪ ಕೆಲಸ ಬೆಳಿಗ್ಗೆ ಮುಗಿಸು. ಮಷಿನ್ನಿನ ಬೆನ್ನು ಗೋಡೆಗೆ ಒತ್ತಿ ಇಡಬೇಡ, ಒಂದು ಮೊಳ ಬಿಡು. ಗ್ರೈಂಡರಿನ ಕಿಡಿ ಅದರ ಕಡೆ ಹಾರದಂತೆ ನಿಲ್ಲು, ಕಬ್ಬಿಣದ ಪುಡಿ ಒಳಗೆ ಹೋದರೆ ಬೋರ್ಡು ಶಾರ್ಟ್ ಆಗುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಒಣ ಗಾಳಿ ಮೆಲ್ಲಗೆ ಹೊಡೆ.

"ಮಷಿನ್ ಕಾದು ಹಳದಿ ಲೈಟ್ ಹತ್ತಿದ್ರ ಬಂದ್ ಮಾಡ್ಲೇನ್ರಿ?" ಎಂದು ಕೇಳಿದ.

"ಬ್ಯಾಡ ತಮ್ಮಾ. ಹೊಡಿಯಾದು ಬಿಡು, ಸ್ವಿಚ್ ಮಾತ್ರ ತೆಗಿಬ್ಯಾಡ. ಒಳಗಿನ ಫ್ಯಾನ್ ತಿರುಗ್ತಿರಲಿ, ಲೈಟ್ ತಾನಾ ಆರ್ತೈತಿ."